‘ಸ್ವಂತ ಶ್ರಮದಿಂದ ಬಂದವರು’ ಅಂತ ಬರೆದು ಬೈಸಿಕೊಂಡಿದ್ದು

ಕನ್ನಡ ಸಿನಿಮಾಗಳ ಪ್ರಚಾರದ ಕೆಲಸಕ್ಕೆ ಬಂದು 11 ವರ್ಷ ಆಯ್ತು. ಪ್ರೆಸ್ ನೋಟ್ ಬರೆಯೋದು, ಪತ್ರಿಕಾಗೋಷ್ಠಿಗೆ ಎಲ್ಲರನ್ನೂ ಕರೆಯೋದು, ಟೀಸರ್ ಬಿಟ್ಟ ದಿನ ರಾತ್ರಿಯೆಲ್ಲ ಕೂತು ಕಾಮೆಂಟ್ ಓದೋದು. ಪೋಸ್ಟರಿನ ಕೊನೆಯಲ್ಲಿ ‘ಪ್ರಚಾರಕರ್ತ’ ಅಂತ ಸಣ್ಣ ಅಕ್ಷರದಲ್ಲಿ ಒಂದು ಹೆಸರಿರುತ್ತದಲ್ಲ, ಬಹಳ ವರ್ಷ ಅವರ ಹಿಂದೆ ಓಡಾಡಿಕೊಂಡಿದ್ದವನು ನಾನು.

ಕೆಲವು ವರ್ಷಗಳ ಹಿಂದೆ ದೊಡ್ಡ ನಟರೊಬ್ಬರ ಮಗನ ಮೊದಲ ಚಿತ್ರ ನಮ್ಮ ಕೈಗೆ ಬಂತು. ಗಾಂಧಿನಗರದಲ್ಲಿ ಇಂಥ ಹುಡುಗರಿಗೆ ಕಥೆ ಸಿಗೋ ಮೊದಲೇ ಬಿರುದು ಸಿಕ್ಕಿರುತ್ತದೆ. ಅಪ್ಪನ ಬಿರುದಿಗೆ ‘ಮರಿ’ನೋ ‘ಜೂನಿಯರ್’ರೋ ಅಂಟಿಸಿದರೆ ಮುಗೀತು. ಏನೂ ಹೊಳೆಯದಿದ್ದರೆ ‘ವಂಶದ ಕುಡಿ’ ಇದ್ದೇ ಇದೆ. ಈ ‘ಕುಡಿ’ ಪದವನ್ನ ನಾನೇ ಎಷ್ಟು ಸಲ ಬರೆದಿದ್ದೀನೋ ಲೆಕ್ಕವಿಲ್ಲ.

ಆದರೆ ಆ ಹೊತ್ತಿಗೆ ಎಲ್ಲರಿಗೂ ಭಯ ಹಿಡಿದಿತ್ತು. 2017ರಲ್ಲಿ ಕಂಗನಾ ರನೌತ್ ಕರಣ್ ಜೋಹರ್ ಅವರ ಶೋನಲ್ಲೇ ಕೂತು ‘ನೆಪೋಟಿಸಂ ಬಾವುಟ ಹಿಡಿದವರು ನೀವು’ ಅಂತ ಅವರ ಮುಖಕ್ಕೇ ಹೇಳಿದ ಮೇಲೆ ‘ನೆಪೋಟಿಸಂ’ (ತಮ್ಮವರಿಗೇ ಅವಕಾಶ ಕೊಡೋದು) ಅನ್ನೋ ಪದ ಚಹಾ ಅಂಗಡಿಗೂ ಬಂದಿತ್ತು. 2020ರ ಜೂನ್‌ನಲ್ಲಿ, ಸಿನಿಮಾ ಮನೆತನದ ಹಿನ್ನೆಲೆ ಇಲ್ಲದೆ ಬಂದಿದ್ದ ಹಿಂದಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ಮೇಲಂತೂ ಕೇಳೋದೇ ಬೇಡ. ಆಗಸ್ಟ್‌ನಲ್ಲಿ, ಮಹೇಶ್ ಭಟ್ ತಮ್ಮ ಮಗಳು ಆಲಿಯಾರನ್ನ ಹಾಕಿಕೊಂಡು ಮಾಡಿದ್ದ ‘ಸಡಕ್ 2’ ಟ್ರೇಲರ್‌ಗೆ ಬಿದ್ದ ಡಿಸ್‌ಲೈಕ್ ಕೋಟಿ ದಾಟಿದಾಗ ನಮ್ಮ ಕಸುಬಿನವರೆಲ್ಲ ಆ ಸ್ಕ್ರೀನ್‌ಶಾಟ್ ಒಬ್ಬರಿಗೊಬ್ಬರು ಕಳಿಸಿಕೊಂಡು ಸುಮ್ಮನಾಗಿದ್ವಿ. (2021ರ ನವೆಂಬರ್‌ನಲ್ಲಿ ಯೂಟ್ಯೂಬ್ ಡಿಸ್‌ಲೈಕ್ ಲೆಕ್ಕವನ್ನ ಜನರಿಂದ ಮರೆಮಾಚಿತು. ಚಾನೆಲ್ ನಡೆಸೋರಿಗೆ ಅದು ಈಗಲೂ ಕಾಣುತ್ತೆ. ನಿರ್ಮಾಪಕರಿಗೆ ಹೇಳಬೇಡಿ.)

ಹಾಗಾಗಿ ಈ ಸಲ ಕುಡಿ, ವಂಶ ಎರಡನ್ನೂ ಬಿಟ್ಟೆ. ‘ಯಾರ ಬೆಂಬಲವೂ ಇಲ್ಲದೆ, ಆಡಿಷನ್ ಎದುರಿಸಿ, ಸ್ವಂತ ಶ್ರಮದಿಂದ ಬಂದವರು’ ಅಂತ ಬರೆದೆ. ಪೂರ್ತಿ ಸುಳ್ಳೇನಲ್ಲ. ಲುಕ್ ಟೆಸ್ಟ್ (ಪಾತ್ರದ ವೇಷ ಹಾಕಿಸಿ ಕ್ಯಾಮೆರಾದಲ್ಲಿ ನೋಡೋದು) ನಡೆದಿತ್ತು. ಆ ಪಾತ್ರಕ್ಕೆ ಬೇರೆ ಯಾರನ್ನೂ ಕರೆದಿರಲಿಲ್ಲ, ಅದನ್ನ ಬರೀಲಿಲ್ಲ ಅಷ್ಟೇ.

ಟೀಸರ್ ಬಿಟ್ಟು ಅರ್ಧ ಗಂಟೆ ಆಗಿರಲಿಲ್ಲ. ಯಾರೋ ನನ್ನ ಸಾಲನ್ನೇ ಎತ್ತಿ ಹಾಕಿ, ಕೆಳಗೆ ‘ನಮ್ಮಪ್ಪ ಹೀರೋ ಆಗಿದ್ದಿದ್ರೆ ನಾನೂ ಹಿಂಗೇ ಕಷ್ಟಪಡ್ತಿದ್ದೆ’ ಅಂತ ಬರೆದಿದ್ದ. ಅದೇ ಎಲ್ಲಕ್ಕಿಂತ ಮೇಲೆ ಕೂತುಬಿಡ್ತು. ನಿರ್ಮಾಪಕರು ‘ಕಾಮೆಂಟ್ ಆಫ್ ಮಾಡ್ರೀ’ ಅಂದ್ರು, ಮಾಡಿದ್ವಿ. ಅದೇ ಮಾತು ಟ್ರೋಲ್ ಪೇಜ್‌ಗಳಿಗೆ ಹೋಗಿ ಇನ್ನೂ ಹತ್ತು ಪಟ್ಟು ಬೆಳೀತು.

ಮುಚ್ಚೋ ಮೊದಲು ಬಂದಿದ್ದನ್ನ ನಾನು ಎರಡು ದಿನ ಕೂತು ಓದಿದೆ. ‘ಇವನು ಯಾಕೆ ಬಂದ’ ಅಂತ ಕೇಳಿದವರು ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ. ‘ಯಾಕೆ ಸುಳ್ಳು ಹೇಳ್ತೀರಿ’ ಅಂದವರೇ ಜಾಸ್ತಿ. ಬೈದವರ ಪ್ರೊಫೈಲ್ ತೆಗೆದು ನೋಡಿದ್ರೆ ಅರ್ಧಕ್ಕರ್ಧ ಜನ ಇನ್ನೊಬ್ಬ ನಟನ ಮಗನ ಅಭಿಮಾನಿಗಳು. ಅವರ ಡಿಪಿಯಲ್ಲೇ ಕಟೌಟ್‌ಗೆ ಹಾಲು ಸುರೀತಿರೋ ಫೋಟೋ! ನಮ್ಮ ಜನಕ್ಕೆ ಕುಡಿ ಕಂಡ್ರೆ ಸಿಟ್ಟಿಲ್ಲ. ಪುನೀತ್‌ ರಾಜ್‌ಕುಮಾರ್‌ಗೆ ಅಪ್ಪನ ಬೆಂಬಲ ಇರಲಿಲ್ಲ ಅಂತ ಯಾರಾದ್ರೂ ಹೇಳಿದ್ರಾ? ‘ಬೆಟ್ಟದ ಹೂವು’ ಚಿತ್ರಕ್ಕೆ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ಬಂದಿದ್ದನ್ನ ಕಂಡಿದ್ದ ಜನಕ್ಕೆ 2002ರಲ್ಲಿ ಹೀರೋ ಆಗಿ ಬಂದಾಗ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಬಸ್ ಡ್ರೈವರ್ ಮಗ ಯಶ್‌ನ ಕಂಡು ಹೆಮ್ಮೆ ಪಡೋರೂ ಅಪ್ಪು ಫೋಟೋ ಗಾಡಿ ಮೇಲೆ ಅಂಟಿಸಿಕೊಂಡೋರೂ ಎಷ್ಟೋ ಸಲ ಒಬ್ಬರೇ.

ಸಿನಿಮಾ ಮೂರನೇ ದಿನಕ್ಕೆ ಮಲಗ್ತು. ನನ್ನ ನಿಜವಾದ ಪಾಠ ಶುರುವಾಗಿದ್ದು ಇಲ್ಲಿಂದ.

ಅದರಲ್ಲಿ ವಿಲನ್ ಪಕ್ಕದಲ್ಲಿ ನಿಲ್ಲೋ ಪಾತ್ರಕ್ಕೆ ನಾಟಕದಿಂದ ಬಂದ ಒಬ್ಬ ಹುಡುಗ ಇದ್ದ. ಚೆನ್ನಾಗಿ ಮಾಡಿದ್ದ, ವಿಮರ್ಶೆ ಬರೆದವರೂ ಗುರುತಿಸಿದ್ರು. ಎಂಟು ತಿಂಗಳಲ್ಲಿ ಹೀರೋಗೆ ಎರಡನೇ ಚಿತ್ರದ ಮುಹೂರ್ತ ಆಯ್ತು, ಹೊಸ ನಿರ್ಮಾಪಕ, ಹೆಚ್ಚಿನ ಬಜೆಟ್. ಆ ಹುಡುಗ ಮಾತ್ರ ನನಗೆ ತಿಂಗಳಿಗೊಂದು ಸಲ ಫೋನ್ ಮಾಡ್ತಿದ್ದ. ‘ಸರ್, ಎಲ್ಲಾದ್ರೂ ಆಡಿಷನ್ ಇದ್ರೆ ಹೇಳಿ.’ ಆಮೇಲೆ ಎರಡು ತಿಂಗಳಿಗೊಂದು ಸಲ. ಆಮೇಲೆ ಹಬ್ಬಕ್ಕೆ ಮೆಸೇಜ್ ಅಷ್ಟೇ. ಇಬ್ಬರೂ ಸೋತಿದ್ದು ಒಂದೇ ಶುಕ್ರವಾರ. ಅಪ್ಪನ ಹೆಸರು ಮೊದಲ ಬಾಗಿಲು ತೆಗೆಸುತ್ತೆ ಅಂತ ಊರೆಲ್ಲ ಕೂಗಾಡುತ್ತೆ. ಬಿದ್ದ ಮೇಲೂ ಆ ಬಾಗಿಲು ಹಾಕಿಕೊಳ್ಳೋದಿಲ್ಲ, ಅದು ಯಾರ ಕಣ್ಣಿಗೂ ಬೀಳಲ್ಲ. ಕಲಾವಿದ ಪಳಗೋಕೆ ನಾಲ್ಕು ಚಿತ್ರ ಬೇಕು ಅಂತ ಇಟ್ಕೊಳ್ಳಿ. ಆ ನಾಲ್ಕು ಚಿತ್ರ ಯಾರಿಗೆ ಸಿಗುತ್ತೆ?

ಇದನ್ನೆಲ್ಲ ಒಂದು ದಿನ ನನ್ನ ಸೋದರಮಾವನ ಹತ್ರ ಆವೇಶದಿಂದ ಹೇಳ್ತಿದ್ದೆ. ಅವರು ಪ್ರೊಡಕ್ಷನ್ ಮ್ಯಾನೇಜರ್ ಆಗಿ ನಿವೃತ್ತಿಯಾದವರು. ನನ್ನ ಪ್ರೆಸ್ ನೋಟ್ ಓದಿ ನಕ್ಕು, ‘ಏನೋ ಇದು, ಯಾರ ಬೆಂಬಲವೂ ಇಲ್ಲದೆ ಬಂದವ್ನು ಅಂತ ನಿನ್ನ ಬಗ್ಗೆನೇ ಬರ್ಕೊಂಡಿದೀಯಾ?’ ಅಂದ್ರು. ನನ್ನನ್ನ ಈ ಕೆಲಸಕ್ಕೆ ಸೇರಿಸಿದ್ದೇ ಅವರು. ಮೊದಲ ಪತ್ರಿಕಾಗೋಷ್ಠಿಯಲ್ಲಿ ನಾನು ನಿರ್ದೇಶಕರ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿಸಿದ್ದೆ. ಬೇರೆ ಯಾರಾದ್ರೂ ಆಗಿದ್ರೆ ಅವತ್ತೇ ಮನೆಗೆ. ‘ಅವರ ಅಳಿಯ, ಬಿಡಿ’ ಅಂದ್ರು, ಉಳಿದೆ. ನಮ್ಮಲ್ಲಿ ಮೇಕಪ್‌ನವರ ಮಗ ಮೇಕಪ್‌ಗೆ, ಕ್ಯಾಮೆರಾ ಅಸಿಸ್ಟೆಂಟ್ ತಮ್ಮ ಕ್ಯಾಮೆರಾಗೆ ಬರೋದು ಎಷ್ಟೋ ಸೆಟ್‌ಗಳಲ್ಲಿ ಮಾಮೂಲು. ಅದನ್ನ ಯಾರೂ ಟ್ರೋಲ್ ಮಾಡಲ್ಲ, ಪೋಸ್ಟರ್ ಮೇಲೆ ನಮ್ಮ ಮುಖ ಇರಲ್ಲ ನೋಡಿ. ಸಂಬಳದಲ್ಲಿ ಅಜಗಜಾಂತರ ಇದೆ ನಿಜ, ಆದ್ರೆ ಎರಡನೇ ಸಲ ಸಿಕ್ಕ ಅವಕಾಶ ನನಗೂ ಅದೇ ರೀತಿ ಸಿಕ್ಕಿದ್ದು.

ಆಮೇಲೆ ಬರೆಯೋ ರೀತಿ ಬದಲಾಯಿಸಿದೆ. ಯಾರ ಮಗ, ಯಾರ ಮಗಳು ಅನ್ನೋದು ಮೊದಲ ಸಾಲಿಗೇ ಬರುತ್ತೆ. ‘ಕಷ್ಟ’, ‘ಸ್ವಂತ ಶ್ರಮ’ ಎರಡೂ ಪದ ಬಂದ್. ಏನು ಕಲಿತರು, ಎಷ್ಟು ದಿನ ಫೈಟ್ ಅಭ್ಯಾಸ ಮಾಡಿದ್ರು, ಡಬ್ಬಿಂಗ್ ತಾವೇ ಮಾಡಿದ್ರಾ ಅನ್ನೋದಷ್ಟೇ. ಆ ನಟರ ಮಗನ ಎರಡನೇ ಚಿತ್ರದ ಪತ್ರಿಕಾಗೋಷ್ಠಿಯಲ್ಲಿ ‘ಅಪ್ಪ ಇಲ್ದಿದ್ರೆ ನೀವ್ಯಾರೂ ಇಲ್ಲಿಗೆ ಬರ್ತಿರಲಿಲ್ಲ, ಗೊತ್ತು ನಂಗೆ’ ಅಂತ ಹೇಳಿ ಅಂತ ನಾನೇ ಕೇಳಿಕೊಂಡೆ. ಮುಖ ಸಣ್ಣಗೆ ಮಾಡಿಕೊಂಡ, ಆದ್ರೂ ಹೇಳಿದ. ಪತ್ರಕರ್ತರು ನಕ್ಕರು. ಬೈಗುಳ ನಿಂತಿಲ್ಲ, ಆದರೆ ಅಭಿನಯದ ಬಗ್ಗೆ ಬರೆಯೋ ಒಂದಷ್ಟು ಕಾಮೆಂಟ್ ಬರೋಕೆ ಶುರುವಾಯ್ತು. ಅದರಲ್ಲೂ ಬೈದವರೇ ಹೆಚ್ಚು ಅನ್ನೋದು ಬೇರೆ ಮಾತು.

ಹೋದ ತಿಂಗಳು ಮಾವ ಮತ್ತೆ ಫೋನ್ ಮಾಡಿದ್ರು. ಅವರ ಮೊಮ್ಮಗ ಡಿಗ್ರಿ ಮುಗಿಸಿದ್ದಾನಂತೆ, ‘ನಿನ್ನ ಜೊತೆ ಇಟ್ಕೋ’ ಅಂದ್ರು. ಸೋಮವಾರದಿಂದ ಬಾ ಅಂದಿದ್ದೀನಿ. ಅದೇ ವಾರ ಪತ್ರಿಕೋದ್ಯಮ ಓದಿದ ಇಬ್ಬರು ಹುಡುಗಿಯರು ಕೆಲಸ ಕೇಳಿ ಮೇಲ್ ಹಾಕಿದ್ದರು. ಇನ್ನೂ ಉತ್ತರ ಬರೆದಿಲ್ಲ.