ನಲ್ಲಿ ನೀರು ಹಾಕಿದ್ರೂ ಚಿನ್ನ ಕೆಂಪಾಗೇ ಉಳೀತು!

ನಲ್ಲಿ ನೀರಲ್ಲಿ ಪಾದರಸ ಇದ್ಯಾ ಅಂತ ಚಿನ್ನದ ನ್ಯಾನೋ ಕಣಗಳ ಬಣ್ಣದಿಂದ ಪತ್ತೆ ಹಚ್ಚೋ ಪ್ರಯತ್ನ ನನ್ನದು: ಕಣಗಳು ದೂರ ದೂರ ಇದ್ರೆ ದ್ರಾವಣ ಕೆಂಪು, ಗಂಟು ಕಟ್ಟಿದ್ರೆ ನೀಲಿ. ಸಿಟ್ರೇಟ್ (ನಿಂಬೆ ಹುಳಿಯ ಲವಣ) ಹಾಕಿ ಕುದಿಸಿ ಈ ಕಣಗಳನ್ನ, ಅಂದ್ರೆ ಸಿಟ್ರೇಟ್ ಚಿನ್ನವನ್ನ ಮಾಡೋದು, ಅಕ್ವಾ ರೀಜಿಯಾ ಅನ್ನೋ ಚಿನ್ನ ಕರಗಿಸೋ ಆಸಿಡ್ ಮಿಶ್ರಣದಲ್ಲಿ ಗಾಜು ತೊಳೆಯೋದು ಎಲ್ಲ ಮಾಮೂಲಿ ಕೆಲಸ, ಬಿಡಿ. ಕಣಗಳು ಬೆಳಕನ್ನ ಅತಿ ಹೆಚ್ಚು ಹೀರೋ ಜಾಗ, ಅಂದ್ರೆ ಪೀಕ್, 520 ನ್ಯಾನೋಮೀಟರ್ ಹತ್ರ ಚೆನ್ನಾಗೇ ಬಂದಿತ್ತು. ಈ ಸಲ ಕಣ ಮಾಡೋ ಕಚ್ಚಾವಸ್ತು ಗೋಲ್ಡ್ ಕ್ಲೋರೈಡ್ ಬಂದಿದ್ದೇ ತೇವ ಹೀರ್ಕೊಂಡು ಅಂಟಂಟಾಗಿ, ಕೇಳಿದ್ರೆ ಸಪ್ಲೈಯರ್ "ಅದು ಇರೋದೇ ಹಾಗೆ ಸರ್" ಅಂತಾನೆ, ಅಂದ್ರೆ ನೀರಿಗೂ ಚಿನ್ನದ ರೇಟೇ.

ತಲೆ ಕೆಡಿಸಿದ್ದು ಬೇರೆ. ಮೊದಲು ಮರ್ಕ್ಯಾಪ್ಟೋಪ್ರೊಪಿಯೋನಿಕ್ ಆಸಿಡ್ (ಚಿನ್ನಕ್ಕೆ ಅಂಟೋ ಒಂದು ಆಮ್ಲ) ಲೇಪಿಸಿದ ಕಣಗಳು ಡಿಸ್ಟಿಲ್ಡ್ ವಾಟರಲ್ಲಿ ಪಾದರಸ ಕಂಡ್ರೆ ನೀಲಿ, ಸರಿ. ಆದ್ರೆ ಪಾದರಸವೇ ಹಾಕದ ನಲ್ಲಿ ನೀರಿಗೂ ನೀಲಿ! ಕಣಗಳು ದೂರ ದೂರ ಇರೋದೇ ಮೈಮೇಲಿನ ನೆಗೆಟಿವ್ ಚಾರ್ಜಿಂದ, ಗಡಸು ನೀರಿನ ಕ್ಯಾಲ್ಸಿಯಂ ಆ ಚಾರ್ಜನ್ನ ಮುಚ್ಚಿಹಾಕೋದಲ್ದೆ ಎರಡು ಕಣದ ಕಾರ್ಬಾಕ್ಸಿಲೇಟ್‌ಗಳನ್ನ (ಲೇಪನದ ನೆಗೆಟಿವ್ ತುದಿಗಳನ್ನ) ಹಿಡಿದು ಗಂಟೂ ಹಾಕುತ್ತೆ. ಲೋಹದ ಅಯಾನುಗಳನ್ನ ಬಿಗಿಯಾಗಿ ಹಿಡಿಯೋ ಇಡಿಟಿಎ ಹಾಕಿ ಅಂತೀರಾ? ಅದು ಕ್ಯಾಲ್ಸಿಯಂ ಹಿಡಿಯೋದು ಲಾಗ್ ಲೆಕ್ಕದಲ್ಲಿ (ಒಂದು ಹೆಚ್ಚಾದ್ರೆ ಹಿಡಿತ ಹತ್ತು ಪಟ್ಟು) 10.7, ಪಾದರಸವನ್ನ 21ಕ್ಕಿಂತ ಮೇಲೆ. ಅಂದ್ರೆ ತೊಂದರೆ ಕೊಡೋ ಕ್ಯಾಲ್ಸಿಯಂ ಜೊತೆ ನಾವು ಹುಡುಕೋ ಪಾದರಸವೂ ಮಾಯ.

ಕೊನೆಗೆ ಆ ಲೇಪನವನ್ನೇ ಬಿಟ್ಟು ಬರೀ ಸಿಟ್ರೇಟ್ ಚಿನ್ನಕ್ಕೆ ಟ್ವೀನ್ 20 ಅನ್ನೋ ಸೋಪಿನಂಥ ವಸ್ತು ಬೆರೆಸಿದೆ. ಅದರ ಉದ್ದುದ್ದ ಸರಪಳಿಗಳೇ ಕಣಗಳನ್ನ ದೂರ ಇಡ್ತವೆ, ಚಾರ್ಜ್ ನಂಬ್ಕೊಂಡಿಲ್ಲ, ಹಾಗಾಗಿ ನೀರಲ್ಲಿ ಕರಗಿರೋ ಕ್ಯಾಲ್ಸಿಯಂನಂಥ ಉಪ್ಪಿಗೆ ಕ್ಯಾರೇ ಅನ್ನಲ್ಲ. ಪಾದರಸ ಬಂದ್ರೆ ಮಾತ್ರ ಸಿಟ್ರೇಟ್ ಅದನ್ನ ಲೋಹವಾಗಿ ಇಳಿಸಿ ಚಿನ್ನದ ಮೇಲೆ ಕೂರಿಸುತ್ತೆ, ಟ್ವೀನ್ ಜಾರಿ ಬೀಳುತ್ತೆ, ಆಮೇಲೆ ಅದೇ ಹಾಳು ಉಪ್ಪು ನಮ್ಮ ಪರವಾಗಿ ಕೆಲಸ ಮಾಡಿ ಗಂಟು ಕಟ್ಟಿಸುತ್ತೆ! ಬೆಳ್ಳಿ ಅಯಾನೂ ಇದೇ ಆಟ ಆಡ್ಬಹುದು, ಆದ್ರೆ ನಲ್ಲಿ ನೀರಲ್ಲಿರೋ ಕ್ಲೋರೈಡು ಅದನ್ನ ಸುಮಾರಾಗಿ ಸೆರೆ ಹಿಡಿಯುತ್ತೆ.

ಪಾದರಸ ಹಾಕಿದ ನಲ್ಲಿ ನೀರಿನ ಕ್ಯುವೆಟ್ (ಚಿಕ್ಕ ಪಾರದರ್ಶಕ ಕೊಳವೆ) ಬಿಳಿ ಹಾಳೆ ಮುಂದೆ ಹಿಡಿದಾಗ ತಳದಿಂದ ಮೇಲಕ್ಕೆ ನೇರಳೆ ಹರಡಿದ್ದು ನೋಡಿ ಕುಣಿದುಬಿಟ್ಟೆ. ಆದ್ರೆ ಬೀಗಬೇಡಿ, ನಾನು ಹಾಕಿದ್ದ ಪಾದರಸ 1 ಮೈಕ್ರೋಮೋಲಾರ್, ಅಂದ್ರೆ ಲೀಟರಿಗೆ ಸುಮಾರು 200 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಕುಡಿಯೋ ನೀರಿಗೆ 6, ಅಲ್ಲಿಗೆ ಬಂದ್ರೆ ನನ್ನ ಕಣ್ಣಿಗೆ ಏನೂ ಕಾಣಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಕೆಂಪು-ನೀಲಿ ಅನುಪಾತ ಅಳೆಯೋದೇ ದಾರಿ. ಅಂದಹಾಗೆ ವೇಸ್ಟ್ ಎಲ್ಲ ಬೇರೆ ಬಾಟಲಿಗೆ, ಸಿಂಕಿಗೆ ಬೇಡ.

ಇದರ ಮಧ್ಯೆ ಬೆಳ್ಳಿಯ ತ್ರಿಕೋನ ಕಣಗಳ ಹುಚ್ಚು ಶುರುವಾಗಿದೆ, ಸೊಗಸಾದ ನೀಲಿ ಬಣ್ಣ, ಆದ್ರೆ ಕ್ಲೋರೈಡು ಅದರ ಮೂಲೆಗಳನ್ನೇ ತಿಂದು ಹಾಕುತ್ತಂತೆ. ಮೂಲೆ ಕಾಯೋಕೆ ಏನು ಲೇಪಿಸೋದು, ಯಾರಾದ್ರೂ ಮಾಡಿದ್ದೀರಾ?