ಗ್ರೇಟ್ ಓಷನ್ ರೋಡ್ ಒಂದೇ ದಿನದಲ್ಲಿ ಆಗುತ್ತಾ ಅಂತ ಕೇಳೋರಿಗೆ

ನನ್ನ ತಂಗಿ ಮೆಲ್ಬರ್ನ್‌ಗೆ ಹೋಗಿ ಸೆಟಲ್ ಆದ ಮೇಲೆ ನಾನು ಅಮ್ಮನ್ನ ಕರ್ಕೊಂಡು ಎರಡು ಸಲ ಹೋಗ್ಬಂದೆ, ಅಷ್ಟಕ್ಕೇ ನಮ್ಮ ಬೀದಿಯಲ್ಲಿ, ಆಫೀಸಲ್ಲಿ, ಮದುವೆಮನೆ ಊಟದ ಪಂಕ್ತಿಯಲ್ಲಿ ನಾನು ಆಸ್ಟ್ರೇಲಿಯಾ ಎಕ್ಸ್‌ಪರ್ಟ್ ಆಗ್ಬಿಟ್ಟಿದೀನಿ. ಎಲ್ರೂ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ, ಮೆಲ್ಬರ್ನ್ ಸಿಟಿ ಬಗ್ಗೆ, ಮತ್ತೆ ಅದರಾಚೆ ಸಮುದ್ರದ ಅಂಚಲ್ಲೇ ಹೋಗೋ ಗ್ರೇಟ್ ಓಷನ್ ರೋಡ್ ಅನ್ನೋ ರಸ್ತೆ ಬಗ್ಗೆ. "ಮೆಲ್ಬರ್ನ್‌ನಲ್ಲಿ ನೋಡೋಕೆ ಅಂಥದ್ದೇನಿದೆ, ಸಿಡ್ನಿ ಥರ ಒಪೇರಾ ಹೌಸ್ ಏನೂ ಇಲ್ವಲ್ಲ, ಎರಡು ದಿನ ಇಟ್ಕೊಂಡು ಒಂದಿನ ಸಿಟಿ ಒಂದಿನ ಗ್ರೇಟ್ ಓಷನ್ ರೋಡ್ ಮುಗಿಸ್ಬಹುದಾ?"

ಮುಗಿಸ್ಬಹುದು. ನಾವೂ ಮೊದಲ ಸಲ ಹಂಗೇ ಮುಗಿಸಿದ್ವಿ. ಅದಕ್ಕೇ ಬೇಡ ಅಂತಿರೋದು.

ಆ ಮೊದಲ ಸಲದ ಕಥೆ ಕೇಳಿ. ಸಿಟಿಯಿಂದ ಬೆಳಗ್ಗೆ ಏಳೂವರೆಗೆ ಹೊರಡೋ ಒಂದು ಟೂರ್ ಬಸ್, ಹೆಸರು ಬೇಡ ಬಿಡಿ, ರಾತ್ರಿ ಎಂಟೂವರೆಗೆ ವಾಪಸ್. ಲಾರ್ನ್ ಅನ್ನೋ ಊರು ದಾಟಿದ ಮೇಲೆ ಅಪೋಲೊ ಬೇ ಅನ್ನೋ ಊರ ತನಕ ರಸ್ತೆ ಬೆಟ್ಟದ ಅಂಚಿಗೇ ಅಂಟ್ಕೊಂಡು ಹಾವಿನ ಥರ ಹೋಗುತ್ತೆ, ಆಗುಂಬೆ ಘಾಟಿಯನ್ನ ಉದ್ದಕ್ಕೆ ಎಳೆದು ಸಮುದ್ರದ ಪಕ್ಕ ಹಾಸಿದಂಗೆ, ಅಮ್ಮನಿಗೆ ಅಲ್ಲೇ ಶುರುವಾಯ್ತು ವಾಂತಿ. ಮರದ ಮೇಲೇ ಇರೋ ಕೋಲಾ ಅನ್ನೋ ಪ್ರಾಣಿ ನೋಡೋ ಜಾಗದಲ್ಲಿ ಇಪ್ಪತ್ತು ನಿಮಿಷ, ಊಟಕ್ಕೆ ಮುಕ್ಕಾಲು ಗಂಟೆ, ಕೊನೆಗೆ ಸಮುದ್ರದಲ್ಲಿ ಒಂಟೊಂಟಿಯಾಗಿ ನಿಂತಿರೋ ಬಂಡೆಕಂಬಗಳು, ಟ್ವೆಲ್ವ್ ಅಪಾಸಲ್ಸ್ ಅಂತಾರಲ್ಲ, ಅಲ್ಲಿಗೆ ತಲುಪಿದಾಗ ನಲವತ್ತು ನಿಮಿಷ, ಅದೂ ಮಧ್ಯಾಹ್ನದ ಉರಿಬಿಸಿಲಲ್ಲಿ, ಇನ್ನೊಂದು ಮೂವತ್ತು ಬಸ್ಸಿನ ಜನರ ತಲೆಗಳ ಮಧ್ಯೆ. ಅಮ್ಮ ಅಲ್ಲೇ ಕಾರ್ ಪಾರ್ಕ್ ಹತ್ರ ಬೆಂಚ್ ಮೇಲೆ ಕೂತು "ನೀನು ಫೋಟೊ ತೆಗ್ದು ತೋರ್ಸು ಸಾಕು" ಅಂದ್ರು. ಅಷ್ಟು ದುಡ್ಡು ಕೊಟ್ಟು, ಹದಿಮೂರು ಗಂಟೆ ತಿರುಗಿ, ಅಮ್ಮ ನೋಡಿದ್ದು ನನ್ನ ಫೋನಲ್ಲಿ.

ಎರಡನೇ ಸಲ ಹೋದಾಗ ನಾನೇ ಪ್ಲ್ಯಾನ್ ಮಾಡಿದೆ. ಹೇಗೆ ಅಂತ ಹೇಳ್ತೀನಿ, ಮೊದಲು ಸಿಟಿದು ಬೇಗ ಹೇಳಿ ಮುಗಿಸ್ತೀನಿ.

ಮೆಲ್ಬರ್ನ್ ಸಿಟಿ ಅಂದ್ರೆ ಒಂದು ದೊಡ್ಡ ಕಟ್ಟಡ ಹುಡುಕ್ಕೊಂಡು ಹೋಗಿ ಸೆಲ್ಫಿ ತಗೊಂಡು ಬರೋ ಊರಲ್ಲ, ಸುಮ್ನೆ ಅಲೀಬೇಕು. ಸಿಟಿ ಮಧ್ಯಭಾಗದಲ್ಲಿ 2015ರಿಂದ ಟ್ರಾಮ್ ಫ್ರೀ, ಕಾರ್ಡ್ ಕೂಡ ಟಚ್ ಮಾಡೋದು ಬೇಡ, ಹತ್ತೋದು ಇಳಿಯೋದು ಅಷ್ಟೇ, ಅಮ್ಮ ಮೊದಲ ದಿನ ಕಂಡಕ್ಟರ್ ಎಲ್ಲಿ ಅಂತ ಹುಡುಕ್ತಾನೇ ಇದ್ರು. ಫ್ರೀ ಜೋನ್ ದಾಟಿದ್ರೆ ಮಾತ್ರ ಟಿಕೆಟ್ ಬೇಕು, ಅಲ್ಲಿ ಅದಕ್ಕೆ ಮೈಕಿ ಅನ್ನೋ ಕಾರ್ಡ್, ಫ್ರೀ ಜೋನ್ ಎಲ್ಲಿ ಮುಗಿಯುತ್ತೆ ಅಂತ ಸ್ಟಾಪ್‌ಗಳಲ್ಲಿ ಬರೆದಿರ್ತಾರೆ, ಟ್ರಾಮ್ ಒಳಗೂ ಅನೌನ್ಸ್ ಮಾಡ್ತಾರೆ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಹಳದಿ ಕಟ್ಟಡದ ಮುಂದೆ ಶುರು ಮಾಡಿ, ಗೋಡೆ ತುಂಬ ಬಣ್ಣ ಬಳಿದ ಹೋಸಿಯರ್ ಲೇನ್ ನೋಡಿ, ಸ್ಟೇಟ್ ಲೈಬ್ರರಿಗೆ ಹೋಗಿ. ಅದರ ಗುಮ್ಮಟದ ಓದುಕೋಣೆ 1913ರದ್ದು, ಎಂಟು ಮೂಲೆ, ಮೇಲಿನ ಮಹಡಿಯಿಂದ ಬಗ್ಗಿ ನೋಡಿದ್ರೆ ಮೇಜುಗಳು ನಕ್ಷತ್ರದ ಥರ ಕಾಣುತ್ತೆ, ಟಿಕೆಟ್ ಇಲ್ಲ, ಯಾರು ಬೇಕಾದ್ರೂ ಹೋಗಿ ಕೂತ್ಕೋಬಹುದು. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ 1878ರಿಂದ ಇದೆ, ಆದ್ರೆ ಸೋಮವಾರ ಬುಧವಾರ ರಜ, ನಾವು ಸರಿಯಾಗಿ ಬುಧವಾರವೇ ಹೋಗಿ ಮುಚ್ಚಿದ ಗೇಟ್ ನೋಡ್ಕೊಂಡು ಬಂದ್ವಿ.

ಎಂಸಿಜಿ, ಅಂದ್ರೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಫ್ಲಿಂಡರ್ಸ್ ಸ್ಟ್ರೀಟಿಂದ ಯಾರಾ ನದಿ ಪಕ್ಕ ನಡ್ಕೊಂಡೇ ಹೋಗ್ಬಹುದು. ಲಕ್ಷ ಜನ ಹಿಡಿಸೋ ಸ್ಟೇಡಿಯಂ, 1877ರಲ್ಲಿ ಪ್ರಪಂಚದ ಮೊದಲ ಟೆಸ್ಟ್ ಮ್ಯಾಚ್ ಆಗಿದ್ದು ಇಲ್ಲೇ. ಆದ್ರೆ ನನಗೆ ಅದಲ್ಲ ಮುಖ್ಯ. ಆಸ್ಟ್ರೇಲಿಯಾ ನೆಲದಲ್ಲಿ ಇಂಡಿಯಾ ಮೊಟ್ಟಮೊದಲ ಟೆಸ್ಟ್ ಗೆದ್ದಿದ್ದು ಈ ಗ್ರೌಂಡಲ್ಲಿ, 1978ರ ಜನವರಿಯಲ್ಲಿ, ಗೆಲ್ಲಿಸಿದ್ದು ನಮ್ಮ ಮೈಸೂರಿನ ಚಂದ್ರಶೇಖರ್. ಮೊದಲ ಇನಿಂಗ್ಸಲ್ಲಿ 52 ರನ್‌ಗೆ 6 ವಿಕೆಟ್, ಎರಡನೇ ಇನಿಂಗ್ಸಲ್ಲೂ ಅಚ್ಚೊತ್ತಿದಂಗೆ 52ಕ್ಕೆ 6, ಅದೂ ಚಿಕ್ಕಂದಿನಲ್ಲಿ ಪೋಲಿಯೋ ಬಂದು ಸಣ್ಣಗಾಗಿದ್ದ ಆ ಕೈಯಲ್ಲೇ. ನಮ್ಮಪ್ಪ ಈ ಕಥೆ ಹೇಳದೆ ಇದ್ದ ವರ್ಷವೇ ಇಲ್ಲ. ಆಮೇಲೆ ಕೆ.ಎಲ್. ರಾಹುಲ್ 2014ರಲ್ಲಿ, ಮಯಾಂಕ್ ಅಗರ್ವಾಲ್ 2018ರಲ್ಲಿ, ಇಬ್ರೂ ಟೆಸ್ಟ್‌ಗೆ ಕಾಲಿಟ್ಟಿದ್ದು ಇದೇ ಎಂಸಿಜಿಯಲ್ಲಿ, ರಾಹುಲ್‌ಗೆ ಇಲ್ಲಿ ಲಕ್ ಇರ್ಲಿಲ್ಲ, ಮಯಾಂಕ್ ಮೊದಲ ಇನಿಂಗ್ಸಲ್ಲೇ 76 ಹೊಡೆದ್ರು. ಸ್ಟೇಡಿಯಂ ಟೂರ್‌ನಲ್ಲಿ ಬೌಂಡರಿ ಹಗ್ಗದ ಹತ್ರ ನಿಂತಾಗ ಅಪ್ಪ ಇರ್ಬೇಕಿತ್ತು ಅನ್ನಿಸ್ತು, ಅಮ್ಮನೂ ಅದನ್ನೇ ಯೋಚ್ನೆ ಮಾಡ್ತಿದ್ರು ಅನ್ಸುತ್ತೆ, ಇಬ್ರೂ ಏನೂ ಮಾತಾಡ್ಲಿಲ್ಲ.

ಸಂಜೆ 96ನೇ ನಂಬರ್ ಟ್ರಾಮ್ ಹತ್ತಿ ಸೇಂಟ್ ಕಿಲ್ಡಾ ಬೀಚ್‌ಗೆ ಹೋಗಿ. ಆದ್ರೆ ಅದನ್ನ ನೋಡ್ಕೊಂಡು "ಸಮುದ್ರ ಆಯ್ತು" ಅನ್ಬೇಡಿ. ಅದು ಪೋರ್ಟ್ ಫಿಲಿಪ್ ಕೊಲ್ಲಿ, ಬಾಯಿ ಕಿರಿದಾಗಿರೋ ದೊಡ್ಡ ಚೊಂಬಿನ ಥರ, ಒಳಗೆ ಅಲೆಗಳು ಸೌಮ್ಯ. ಅಲ್ಲಿ ನೀರೊಳಗೆ ಚಾಚಿರೋ ಪಿಯರ್ ತುದಿಯ ಕಲ್ಲು ತಡೆಗೋಡೆ ಸಂದಿಗಳಲ್ಲಿ ಒಂದು ಅಡಿ ಎತ್ತರದ ಪುಟಾಣಿ ಪೆಂಗ್ವಿನ್‌ಗಳು ಗೂಡು ಮಾಡ್ಕೊಂಡಿವೆ. ಪೆಂಗ್ವಿನ್‌ಗಳು ಸಾಲಾಗಿ ನಡ್ಕೊಂಡು ಬರೋದು ನೋಡ್ಬೇಕು ಅಂದ್ರೆ ಫಿಲಿಪ್ ಐಲೆಂಡ್‌ಗೇ ಹೋಗ್ಬೇಕು, ಸಿಟಿಯಿಂದ ಸುಮಾರು 140 ಕಿಲೋಮೀಟರ್, ಅಲ್ಲಿ ಫೋಟೊ ತೆಗೆಯಂಗಿಲ್ಲ, ಫೋಟೊ ಇಲ್ಲದೆ ಟ್ರಿಪ್ ವೇಸ್ಟ್ ಅನ್ನೋರು ಮೊದಲೇ ಯೋಚ್ನೆ ಮಾಡಿ.

ನಿಜವಾದ ಸಮುದ್ರ ಶುರುವಾಗೋದು ಟೋರ್ಕಿಯಿಂದ, ಗ್ರೇಟ್ ಓಷನ್ ರೋಡ್ ಶುರುವಾಗೋ ಊರು ಅದು. ಅಲ್ಲಿಂದಾಚೆ ದಕ್ಷಿಣಕ್ಕೆ ನೋಡಿದ್ರೆ ಅಂಟಾರ್ಟಿಕಾ ತನಕ ಹೆಚ್ಚುಕಮ್ಮಿ ಬರೀ ನೀರು, ಮಧ್ಯೆ ತಡೆಯೋಕೆ ಜಾಸ್ತಿ ಏನೂ ಇಲ್ಲ, ಅಷ್ಟು ದೂರದಿಂದ ಓಡಿ ಬಂದ ಅಲೆ ಇಲ್ಲಿ ಬಂದು ಬಡಿಯುತ್ತೆ. ಸರ್ಫಿಂಗ್‌ಗೆ ಹೆಸರಾದ ಬೆಲ್ಸ್ ಬೀಚ್ ಇಲ್ಲೇ ಪಕ್ಕ. ನೋಡೋಕೆ ಎಷ್ಟು ಚೆನ್ನಾಗಿದ್ರೂ ಕೆಂಪು ಹಳದಿ ಬಾವುಟ ಇಲ್ಲದ ಕಡೆ ನೀರಿಗೆ ಇಳೀಬೇಡಿ. ಬಾವುಟ ನೆಟ್ಟಿದ್ದಾರೆ ಅಂದ್ರೆ ಆ ಎರಡರ ಮಧ್ಯೆ ಲೈಫ್‌ಗಾರ್ಡ್ ಕಣ್ಣಿಟ್ಟಿದ್ದಾರೆ ಅಂತ ಅರ್ಥ. 2024ರ ಜನವರಿಯಲ್ಲಿ ಫಿಲಿಪ್ ಐಲೆಂಡ್‌ನ ಲೈಫ್‌ಗಾರ್ಡ್ ಇಲ್ಲದ ಒಂದು ಬೀಚಲ್ಲಿ ನಮ್ಮ ದೇಶದ ಮೂಲದವರೇ ನಾಲ್ಕು ಜನ ಮುಳುಗಿ ಹೋಗ್ಬಿಟ್ರು. ನನ್ನ ತಂಗಿ ಗಂಡ ಈಜು ಬರುತ್ತೆ ಅನ್ನೋ ಗತ್ತಲ್ಲಿ ಪ್ಯಾಂಟ್ ಮಡಿಸೋಕೆ ಶುರು ಮಾಡಿದಾಗ ಅಮ್ಮ ಈ ವಿಷಯ ಎತ್ತಿದ್ರು, ಅವರು ಮಡಿಸಿದ್ದನ್ನ ಬಿಚ್ಚಿ ಸುಮ್ನೆ ಕೂತ್ರು.

ಈ ರಸ್ತೆ ಕಟ್ಟಿದ ಕಥೆ ಗೊತ್ತಿದ್ರೆ ತಿರುವುಗಳಲ್ಲಿ ಬೈಕೊಳ್ಳೋಕೆ ಮನಸ್ಸು ಬರಲ್ಲ. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು ಸುಮಾರು 3,000 ಜನ, 1919ರಲ್ಲಿ ಶುರು ಮಾಡಿ 1932ರಲ್ಲಿ ಮುಗಿಸಿದ್ದು, ಗುದ್ದಲಿ, ಪಿಕಾಸಿ, ಕುದುರೆಗಾಡಿ ಮತ್ತೆ ಸಿಡಿಮದ್ದು ಇಟ್ಕೊಂಡು ಬಂಡೆ ಒಡೆದು. ಯುದ್ಧದಲ್ಲಿ ಸತ್ತ ಗೆಳೆಯರ ನೆನಪಿಗೆ ಅಂತಲೇ ಕಟ್ಟಿದ್ದು, ಅಂದ್ರೆ 240 ಕಿಲೋಮೀಟರ್ ಉದ್ದದ ಇಡೀ ರಸ್ತೆನೇ ಒಂದು ಯುದ್ಧ ಸ್ಮಾರಕ. ಈಸ್ಟರ್ನ್ ವ್ಯೂನಲ್ಲಿ ರಸ್ತೆಗೆ ಅಡ್ಡಲಾಗಿ ಮರದ ಕಮಾನು ಇದೆ, ಪಕ್ಕದಲ್ಲಿ ಸಲಿಕೆ ಹಿಡಿದ ಸೈನಿಕರ ಕಂಚಿನ ಪ್ರತಿಮೆ. ಟೂರ್ ಬಸ್ಸಿನವರು ಕಮಾನಿನ ಕೆಳಗೆ ಫೋಟೊಗೆ ಐದು ನಿಮಿಷ ಕೊಟ್ಟು ಈ ಕಥೆ ಅರ್ಧ ಹೇಳಿ ಬಿಟ್ಟಿದ್ರು. ಬಿಟ್ಟಿದ್ದ ಅರ್ಧ ಏನಪ್ಪ ಅಂದ್ರೆ, 1924ರಲ್ಲಿ ಕ್ಯಾಸಿನೊ ಅನ್ನೋ ಒಂದು ಹಡಗು ಕೇಪ್ ಪ್ಯಾಟನ್ ಹತ್ರ ಬಂಡೆಗೆ ಸಿಕ್ಕಾಕ್ಕೊಂಡು ಭಾರ ಇಳಿಸೋಕೆ 500 ಪೀಪಾಯಿ ಬಿಯರ್ ಸಮುದ್ರಕ್ಕೆ ತಳ್ತಂತೆ, ಅದೆಲ್ಲ ತೇಲ್ಕೊಂಡು ದಡಕ್ಕೆ ಬಂತಂತೆ, ಎರಡು ವಾರ ರಸ್ತೆ ಕೆಲಸ ಬಂದ್ ಅಂತೆ! ಆಮೇಲೆ ಟೋಲ್ ಕೂಡ ಇತ್ತು, 1936ರಲ್ಲಿ ಸರ್ಕಾರಕ್ಕೆ ವಹಿಸಿದಾಗ ತೆಗೆದ್ರು. ಟೋಲ್ ತೆಗೆದ್ರು ಅನ್ನೋ ವಾಕ್ಯ ನಮ್ಮ ಕಡೆ ಯಾರಾದ್ರೂ ನಂಬ್ತಾರಾ?

ಈಗ ನಮ್ಮ ಎರಡನೇ ಸಲದ ಪ್ಲ್ಯಾನ್. ಕಾರ್ ಮಾಡ್ಕೊಂಡು ಒಂದು ರಾತ್ರಿ ಅಪಾಸಲ್ಸ್ ಹತ್ರದ ಪೋರ್ಟ್ ಕ್ಯಾಂಬೆಲ್ ಅನ್ನೋ ಊರಲ್ಲಿ ಉಳ್ಕೊಳೋದು, ಗುಟ್ಟು ಅಷ್ಟೇ. ಹೋಗುವಾಗ ಸಮುದ್ರದ ರಸ್ತೆ, ಬರುವಾಗ ಒಳನಾಡಿನ ಕೋಲಾಕ್ ದಾರಿ, ಅದು ನೇರ, ಮೂರು ಗಂಟೆಯಲ್ಲಿ ಸಿಟಿ. ಪಶ್ಚಿಮಕ್ಕೆ ಹೋಗುವಾಗ ಸಮುದ್ರ ಎಡಕ್ಕೆ, ಅಲ್ಲೂ ನಮ್ಮ ಥರ ಎಡಕ್ಕೇ ಗಾಡಿ ಓಡ್ಸೋದ್ರಿಂದ ಸಮುದ್ರದ ಅಂಚಿನ ಲೇನ್ ನಿಮ್ಮದೇ, ನಿಲ್ಲಿಸೋ ಜಾಗಗಳಿಗೆ ಎದುರು ಗಾಡಿ ಕಾಯದೆ ಹಾಗೇ ಇಳಿಸ್ಬಹುದು. ಅಮ್ಮನ್ನ ಮುಂದಿನ ಸೀಟಲ್ಲಿ ಕೂರಿಸಿ, ಹೊಟ್ಟೆಗೆ ಬರೀ ಎರಡು ಇಡ್ಲಿ, ಕೈಗೆ ನಿಂಬೆಹಣ್ಣು, ಅರ್ಧ ಗಂಟೆಗೊಂದು ಸಲ ಸ್ಟಾಪ್, ಒಂದೇ ಒಂದು ಸಲ ವಾಂತಿ ಇಲ್ಲ. ಕೆನೆಟ್ ರಿವರ್‌ನಲ್ಲಿ ಕತ್ತೆತ್ತಿ ನೀಲಗಿರಿ ಮರಗಳಲ್ಲಿ ಹುಡುಕಿದ್ರೆ ಕೋಲಾ ಸಿಗುತ್ತೆ, ಬೂದು ಬಣ್ಣದ ಗಂಟು ಕೊಂಬೆಗೆ ಸಿಕ್ಕಾಕ್ಕೊಂಡಂಗೆ. ದಿನಕ್ಕೆ ಹದಿನೆಂಟು ಇಪ್ಪತ್ತು ಗಂಟೆ ನಿದ್ದೆ ಅಂತ ಹೇಳಿದ್ದಕ್ಕೆ ಅಮ್ಮ ನನ್ನ ಮುಖ ನೋಡಿದ್ರು.

ಕತ್ತಲಾಗೋ ಮುಂಚೆ ರೂಮು ಸೇರ್ಕೊಳ್ಳಿ, ಮುಸ್ಸಂಜೆ ಮೇಲೆ ಕಾಂಗರೂ ರಸ್ತೆಗೆ ಹಾರುತ್ತೆ. ಮತ್ತೆ ಯಾವ ತಿಂಗಳೇ ಇರ್ಲಿ ಜಾಕೆಟ್ ಇಟ್ಕೊಳ್ಳಿ. ಒಳನಾಡಿನ ಬಿಸಿಗಾಳಿ ಬೀಸ್ತಾ ಇರುವಾಗ ದಕ್ಷಿಣ ಸಮುದ್ರದ ತಣ್ಣನೆ ಗಾಳಿ ನುಗ್ಗಿದ್ರೆ ಒಂದು ಗಂಟೆಯೊಳಗೆ ಹತ್ತು ಹದಿನೈದು ಡಿಗ್ರಿ ಬೀಳೋದುಂಟು. ಹಾಂ, ಇನ್ನೊಂದು, ಏರ್‌ಪೋರ್ಟಲ್ಲಿ ಇಳಿಯೋ ಮುಂಚೆ ತುಂಬೋ ಕಾರ್ಡಲ್ಲಿ ತಿಂಡಿ ಇದೆ ಅಂತ ಟಿಕ್ ಮಾಡಿ, ಮುಚ್ಚಿಟ್ರೆ ದಂಡ ಜೋರು. ನಾವು ಎಲ್ಲ ಹೇಳಿದ್ವಿ, ಚಟ್ನಿಪುಡಿ ನೋಡಿ ಬಿಟ್ರು, ಹಿತ್ತಲ ಕರಿಬೇವು ಮಾತ್ರ ಬುಟ್ಟಿಗೆ ಹೋಯ್ತು, ಅಮ್ಮ ಇವತ್ತಿಗೂ ಮರೆತಿಲ್ಲ.

ಲಾಕ್ ಆರ್ಡ್ ಗಾರ್ಜ್‌ನ ಬಿಡ್ಬೇಡಿ, ನನಗೆ ಅಪಾಸಲ್ಸ್‌ಗಿಂತ ಇದೇ ಇಷ್ಟ. ಎರಡು ಎತ್ತರದ ಬಂಡೆಗೋಡೆ ಮಧ್ಯೆ ಸಣ್ಣ ಮರಳಿನ ಅಂಗಳ. 1878ರ ಜೂನ್ 1ರಂದು ಇಂಗ್ಲೆಂಡಿಂದ ಮೂರು ತಿಂಗಳು ಪ್ರಯಾಣ ಮಾಡಿ, ಮೆಲ್ಬರ್ನ್ ಇನ್ನೇನು ಬಂತು ಅನ್ನುವಾಗ ಲಾಕ್ ಆರ್ಡ್ ಹಡಗು ಮಂಜಲ್ಲಿ ಇಲ್ಲಿ ಬಂಡೆಗೆ ಬಡೀತು. ಇದ್ದಿದ್ದು 54 ಜನ, ಉಳಿದಿದ್ದು ಇಬ್ರೇ. ಟಾಮ್ ಪಿಯರ್ಸ್ ಅನ್ನೋ ಹಡಗಿನ ಹುಡುಗ, ಈವಾ ಕಾರ್ಮೈಕಲ್ ಅನ್ನೋ ಹುಡುಗಿ, ಅವಳ ಜೊತೆಗಿದ್ದ ಅಪ್ಪ ಅಮ್ಮ ಎಲ್ಲ ಹೋದ್ರು. ದಡ ಸೇರಿದ್ದ ಟಾಮ್ ಅವಳ ಕೂಗು ಕೇಳಿ ಮತ್ತೆ ಅದೇ ನೀರಿಗೆ ಇಳಿದು ಎಳ್ಕೊಂಡು ಬಂದ, ತೇಲಿಬಂದ ಬ್ರಾಂದಿ ಕುಡಿಸಿ, ಆ ಬಂಡೆಗೋಡೆ ಹತ್ತಿ ಸಹಾಯ ತಂದ. ಪೇಪರ್ ಓದಿದ ಜನಕ್ಕೆಲ್ಲ ಇವರಿಬ್ರಿಗೂ ಮದುವೆ ಆಗ್ಲಿ ಅಂತ ಆಸೆ, ಈವಾ ಕೆಲವು ತಿಂಗಳಲ್ಲಿ ಐರ್ಲೆಂಡ್‌ಗೆ ವಾಪಸ್ ಹೋದ್ಲು, ಮದುವೆ ಆಗ್ಲಿಲ್ಲ. ಅಷ್ಟು ಜನ ಸತ್ತ ಹಡಗಿಂದ ಒಂದು ಪಿಂಗಾಣಿ ನವಿಲು ಮಾತ್ರ ಪೆಟ್ಟಿಗೆ ಸಮೇತ ತೇಲಿ ದಡಕ್ಕೆ ಬಂತು, ಈಗ ವಾರ್ನಂಬೂಲ್ ಮ್ಯೂಸಿಯಂನಲ್ಲಿದೆ. ಅಲ್ಲಿದ್ದ ಒಂದು ಕಮಾನು ಬಂಡೆ 2009ರಲ್ಲಿ ಮಧ್ಯಕ್ಕೆ ಮುರಿದು ಎರಡು ಕಂಬ ಆಯ್ತು, ಅವಕ್ಕೆ ಟಾಮ್ ಮತ್ತು ಈವಾ ಅಂತಲೇ ಹೆಸರಿಟ್ಟಿದ್ದಾರೆ, ಬೇರೆ ಬೇರೆ ನಿಂತಿವೆ.

ಈ ತೀರ ಹಂಗೇನೇ, ಮುರೀತಾನೇ ಇರುತ್ತೆ. ಸುಣ್ಣಕಲ್ಲು ಮೆತ್ತಗೆ, ಅಲೆ ಕೊರೆದು ಗುಹೆ ಮಾಡುತ್ತೆ, ಗುಹೆ ಎರಡೂ ಕಡೆ ತೂತಾಗಿ ಕಮಾನು, ಕಮಾನಿನ ನೆತ್ತಿ ಬಿದ್ರೆ ಒಂಟಿ ಕಂಬ, ಕೊನೆಗೆ ಕಂಬನೂ ಕುಸಿಯುತ್ತೆ. 1990ರಲ್ಲಿ ಲಂಡನ್ ಬ್ರಿಡ್ಜ್ ಅನ್ನೋ ಬಂಡೆಸೇತುವೆ ದಡದ ಕಡೆ ಮುರಿದು ಬಿದ್ದಾಗ ತುದಿಯಲ್ಲಿ ಇಬ್ರು ಸಿಕ್ಕಾಕ್ಕೊಂಡು, ಹೆಲಿಕಾಪ್ಟರ್‌ನಲ್ಲಿ ಎತ್ಕೊಂಡು ಬಂದ್ರು. ಟ್ವೆಲ್ವ್ ಅಪಾಸಲ್ಸ್ ಅಂತ ಹೆಸರಿದ್ರೂ ಅಲ್ಲಿ 12 ಯಾವತ್ತೂ ಇರ್ಲಿಲ್ಲ, ಹಳೇ ಹೆಸರು ಹಂದಿ ಮತ್ತು ಮರಿಗಳು ಅಂತ, ಟೂರಿಸ್ಟ್‌ಗಳು ಬರಲಿ ಅಂತ ಹೆಸರು ಬದಲಾಯ್ತು ಅಂತಾರೆ. ಇದ್ದ ಒಂಬತ್ತರಲ್ಲಿ ಒಂದು 2005ರ ಜುಲೈಯಲ್ಲಿ ಕುಸಿದು ಎಂಟಾಯ್ತು.

ನಾವು ಸಂಜೆ ಆರೂವರೆಗೆ ಹೋದಾಗ ಬಸ್ಸುಗಳೆಲ್ಲ ಹೊರಟುಹೋಗಿದ್ವು. ಮಾರ್ಚ್ ತಿಂಗಳು, ಬಿಸಿಲು ಓರೆಯಾಗಿ ಬಿದ್ದು ಕಂಬಗಳು ಬೆಲ್ಲದ ಬಣ್ಣಕ್ಕೆ ತಿರುಗಿದ್ವು. ಅಮ್ಮ ಸೆರಗು ತಲೆ ಮೇಲೆ ಎಳ್ಕೊಂಡು ಕಟಕಟೆ ಹಿಡ್ಕೊಂಡು ಎಣಿಸಿದ್ರು. ಮತ್ತೆ ಎಣಿಸಿದ್ರು. "ಏಳೇ ಕಣೇ ಇರೋದು." ಇನ್ನೊಂದು ಮರೆಯಲ್ಲಿದೆ ಅಮ್ಮ, ಇಲ್ಲಿಂದ ಕಾಣಲ್ಲ ಅಂದೆ. ಚಳಿ ಅಂತ ನಾವೆಲ್ಲ ಕಾರಿಗೆ ಹೋದ್ರೂ ಅವರು ಬರ್ಲಿಲ್ಲ, ಕತ್ತಲಾಗೋ ತನಕ ಅಲ್ಲೇ ನಿಂತಿದ್ರು.

ಮೈಸೂರಿಗೆ ವಾಪಸ್ ಬಂದ ವಾರ ಪಕ್ಕದ್ಮನೆ ಆಂಟಿ ಕಾಫಿಗೆ ಬಂದವರು "ಅದೇನೋ ಹನ್ನೆರಡು ಬಂಡೆ ಇದ್ಯಂತಲ್ರೀ, ಎಲ್ಲ ನೋಡಿದ್ರಾ?" ಅಂತ ಕೇಳಿದ್ರು. ಅಮ್ಮ ಲೋಟ ಕೆಳಗಿಡದೆ "ಹೂಂ, ಹನ್ನೆರಡೂ ನೋಡ್ದೆ" ಅಂದ್ರು.