ಹಾನಗಲ್ಲಿನ ಕಲ್ಲುಗಳು ಬರೆಯದೆ ಬಿಟ್ಟ ಸುದ್ದಿ

ಹಾನಗಲ್ಲಿಗೆ ನಡು ಮಧ್ಯಾಹ್ನ ಹೋಗಬಾರದು. ನೆತ್ತಿಯ ಬಿಸಿಲಿಗೆ ವೀರಗಲ್ಲಿನ ಕೆತ್ತನೆ ಸಪಾಟಾಗಿ ಕಾಣುತ್ತದೆ. ಹಾವೇರಿಯಲ್ಲಿ ಬಸ್ಸು ತಪ್ಪಿಸಿಕೊಂಡು ಹನ್ನೆರಡಕ್ಕೆ ಮುಟ್ಟಿದರೆ ನಾಲ್ಕರ ತನಕ ಕಾಯುವುದೇ ಗತಿ, ಇಲ್ಲವೇ ಮೊಬೈಲ್ ಟಾರ್ಚನ್ನು ಕಲ್ಲಿನ ಮಗ್ಗುಲಿಂದ ಓರೆಯಾಗಿ ಹಿಡಿಯಬೇಕು. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ ಬಳಿಯುವವರನ್ನು ಕಂಡರೆ ಮೈ ಉರಿಯುತ್ತದೆ. ತಾರಕೇಶ್ವರ ಗುಡಿಯ ಒಳಚಾವಣಿಯಲ್ಲಿ ಕೆತ್ತಿದ ತಾವರೆ ಭುವನೇಶ್ವರಿಯನ್ನು ಹೊಗಳಲು ಬೇರೆಯವರಿದ್ದಾರೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು. ಅಚ್ಚುಕಟ್ಟಾದ ಯುದ್ಧವರದಿ! ಹೆಂಗಸರಿಗೆ ಸಿಕ್ಕಿದ್ದು ಅಪ್ಸರೆಯ ಪಾತ್ರ, ಇಲ್ಲವೇ ಸತಿ ಹೋದವಳಿಗೆ ನೆಟ್ಟ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಒಂದು ತೋಳು. ಹಳೆಯ ಶಾಸನಗಳಲ್ಲಿ 'ಪೆಣ್ಬುಯ್ಯಲ್' ಎಂಬ ಮಾತಿದೆ, ದಾಳಿಗೆ ಸಿಕ್ಕ ಹೆಣ್ಣಿನ ಹುಯಿಲು. ಅಲ್ಲೂ ಕಲ್ಲು ನೆಟ್ಟಿದ್ದು ಅಡ್ಡ ನಿಂತು ಸತ್ತವನಿಗೆ. ಕೂಗಿದವಳು ಏನಾದಳು?

ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ನಕ್ಕರು. "ಅಕಿನ್ನ ಯಾರ್ ಕೇಳ್ಯಾರ್ರಿ? ಕೇಳಾಕ ಹೆಂಗಸರ ಬರಬೇಕಿತ್ತು. ಗಂಡಸರ ಮುಂದ ಇಂಥಾವು ಹೇಳಾಕ ಆಕ್ಕೈತೇನು?"

ಇದು ಯುದ್ಧವರದಿಯ ಕಸುಬು ಬಲ್ಲವರ ಮಾತು. ಅಫ್ಘಾನಿಸ್ತಾನದ ಹಳ್ಳಿಮನೆಯ ಒಳಕೋಣೆಗೆ ಗಂಡು ವರದಿಗಾರನನ್ನು ಬಿಡುವುದಿಲ್ಲ. ವರದಿಗಾರ್ತಿ ಹೊರಗೆ ಗಂಡಸರನ್ನೂ ಮಾತಾಡಿಸಿ ಒಳಗೂ ಹೋಗಬಲ್ಲಳು. ಆದರೆ ದುಭಾಷಿಯೂ ಹೆಂಗಸಾಗಿರಬೇಕು, ಇಲ್ಲದಿದ್ದರೆ ಬಾಗಿಲು ತೆರೆದೂ ಉಪಯೋಗವಿಲ್ಲ. ಗಂಡ, ಊರ ಹಿರಿಯರು ಎದುರಿಗೆ ಕೂತಿದ್ದರೆ ಬರುವುದು ಅವರಿಗೆ ಬೇಕಾದ ಉತ್ತರ. ಅತ್ಯಾಚಾರಕ್ಕೆ ಸಿಕ್ಕವಳಿಂದ ಆದದ್ದನ್ನು ಮತ್ತೆ ಮತ್ತೆ ಹೇಳಿಸಬಾರದು. ಮುಖ ಮಾತ್ರವಲ್ಲ, ಬಾಗಿಲು, ಓಣಿ ಗುರುತು ಸಿಗುವ ಫೋಟೊ ಕೂಡ ಬೇಡ. ಯುಗೊಸ್ಲಾವಿಯಾದ ಯುದ್ಧಾಪರಾಧಗಳನ್ನು ವಿಚಾರಿಸಿದ ಹೇಗ್ ನಗರದ ನ್ಯಾಯಮಂಡಳಿಯಲ್ಲಿ ಸಾಕ್ಷಿ ಹೇಳಿದ ಬೋಸ್ನಿಯಾದ ಫೋಚಾ ಊರಿನ ಹೆಂಗಸರನ್ನೂ ಹೆಸರು ಮರೆಮಾಡಿ ಸಂಖ್ಯೆ, ಅಕ್ಷರಗಳ ಗುರುತಿನಿಂದಲೇ ಕರೆದರು. 2001ರ ತೀರ್ಪು ಅವರ ಮೇಲಿನ ಅತ್ಯಾಚಾರವನ್ನು ಮಾನವತೆಯ ವಿರುದ್ಧದ ಅಪರಾಧ ಎಂದಿತು.

ಹಾಗಂತ ವರದಿಗಾರ್ತಿಯರನ್ನು ಒಳಮನೆಗಷ್ಟೇ ಕಟ್ಟಿಹಾಕುವುದು ಶುದ್ಧ ಸೋಮಾರಿತನ. 1939ರ ಆಗಸ್ಟಿನಲ್ಲಿ ಪೋಲೆಂಡ್ ಗಡಿಯ ರಸ್ತೆಬದಿ ಕಟ್ಟಿದ್ದ ಗೋಣಿ ಪರದೆ ಗಾಳಿಗೆ ಎದ್ದಾಗ, ಹಿಂದೆ ಸಾಲುಗಟ್ಟಿದ್ದ ಜರ್ಮನ್ ಟ್ಯಾಂಕುಗಳನ್ನು ಕಂಡು ಸುದ್ದಿ ಮಾಡಿದವರು ಬ್ರಿಟಿಷ್ ವರದಿಗಾರ್ತಿ ಕ್ಲೇರ್ ಹಾಲಿಂಗ್‌ವರ್ತ್. ಕೆಲಸಕ್ಕೆ ಸೇರಿ ಆಗ ವಾರವೂ ಆಗಿರಲಿಲ್ಲ. 1965ರ ಭಾರತ-ಪಾಕ್ ಯುದ್ಧದಲ್ಲಿ ದೆಹಲಿಯ ಪತ್ರಕರ್ತೆ ಪ್ರಭಾ ದತ್ ಯುದ್ಧಭೂಮಿಗೆ ಹೋಗುತ್ತೇನೆಂದಾಗ ಪತ್ರಿಕೆ ಒಪ್ಪಲಿಲ್ಲ. ಅಪ್ಪ ಅಮ್ಮನನ್ನು ನೋಡಬೇಕೆಂದು ರಜೆ ಹಾಕಿ ಪಂಜಾಬ್ ಗಡಿಯ ಖೇಮ್‌ಕರಣ್‌ ರಣಭೂಮಿಗೆ ಹೋದರು, ಅಲ್ಲಿಂದ ಕಳಿಸಿದ ವರದಿಗಳು ಅಚ್ಚಾದವು.

ಅಜ್ಜಿ ಇದನ್ನೆಲ್ಲ ಕೇಳಿ ಎಲೆಗೆ ಸುಣ್ಣ ಹಚ್ಚುತ್ತ ಅಂದರು, "ರಜಾದ ಪಗಾರ ಹಿಡಿದ್ರೋ, ಕೊಟ್ರೋ?"